ಒಂದು ನೋಟ್‌ಬುಕ್, ನಿಂತುಹೋದ ಪೋರ್ಟ್ ಜಗಳ

ಹತ್ತಿರ ಹತ್ತಿರ ಒಂದು ವರ್ಷವಾಯ್ತು, ನಮ್ಮ ಆಫೀಸಿನಲ್ಲಿ ಪೋರ್ಟ್ (ಕಂಪ್ಯೂಟರಿನಲ್ಲಿ ಸರ್ವರ್ ಪ್ರೋಗ್ರಾಮ್ ಹಿಡಿಯುವ ಸಂಖ್ಯೆಯ ಬಾಗಿಲು, ಒಂದಕ್ಕೆ ಒಬ್ಬರೇ) ಬಿಡಿಸಿಕೊಳ್ಳಲು ಯಾರೂ ಪ್ರೋಸೆಸ್ ಕಿಲ್ ಮಾಡಿಲ್ಲ, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ಬಲವಂತವಾಗಿ ನಿಲ್ಲಿಸಿಲ್ಲ. ಮೈಸೂರಿನ ಕುವೆಂಪುನಗರದಲ್ಲಿ ನಾವು ನಾಲ್ಕು ಜನ, ಕೈಯಲ್ಲಿ ಹನ್ನೊಂದು ವೆಬ್ ಪ್ರಾಜೆಕ್ಟ್. ಪ್ರತಿ ಪ್ರಾಜೆಕ್ಟಿಗೂ ಹತ್ತು ಪೋರ್ಟ್ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡೋಣ ಅಂದಾಗ ಜೊತೆಯವರು ಒಪ್ಪಲಿಲ್ಲ. "ಕಿಲ್ ಮೈನಸ್ ನೈನ್ ಇದೆಯಲ್ಲ ಸಾರ್, ಇದಕ್ಕೂ ಲೆಕ್ಕ ಬರೀತಾ ಕೂರೋಕಾಗುತ್ತಾ?" ಅಂದರು. ಹಾಗೆ ಬಲವಂತವಾಗಿ ನಿಲ್ಲಿಸುವ ಕಮಾಂಡ್ ಅದು.

ನನಗೆ ಹಟ ಹುಟ್ಟಿದ್ದು ಮಂಡ್ಯದಲ್ಲಿ. ಬೆಲ್ಲದ ವ್ಯಾಪಾರಿಯೊಬ್ಬರಿಗೆ ಆರ್ಡರ್ ಪೇಜ್ ತೋರಿಸಬೇಕಿತ್ತು. ಹಿಂದಿನ ರಾತ್ರಿಯ ಇನ್ನೊಂದು ಪ್ರಾಜೆಕ್ಟ್ 5173ರಲ್ಲಿ ಓಡುತ್ತಲೇ ಇತ್ತು. ವೀಟ್ (ಬರೆದ ಪೇಜನ್ನು ನಮ್ಮ ಕಂಪ್ಯೂಟರಿನಲ್ಲೇ ಓಡಿಸಿ ತೋರಿಸುವ ಟೂಲ್) ಹೊಸದನ್ನು 5174ಕ್ಕೆ ಏರಿಸಿತ್ತು, ಟರ್ಮಿನಲ್ಲಿನಲ್ಲಿ ಅದನ್ನು ಹೇಳಿಯೂ ಇತ್ತು. ನಾನು ಅತ್ತ ನೋಡದೆ 5173 ತೆರೆದೆ. ಕಲ್ಯಾಣ ಮಂಟಪದ ಬುಕಿಂಗ್ ಪೇಜ್ ಬಂತು. "ಸ್ವಾಮಿ, ಇದು ನಮ್ದಲ್ವಲ್ಲ" ಅಂದರು ಅವರು. ಆಮೇಲೆ ಸರಿಯಾದದ್ದನ್ನೇ ತೋರಿಸಿದೆ, ಆದರೂ ಅವರಿಗೆ ನಂಬಿಕೆ ಬರಲಿಲ್ಲ. ಹದಿನೆಂಟು ಸಾವಿರದ ಬಿಲ್ಲಿನಲ್ಲಿ ನಾಲ್ಕು ಸಾವಿರ ಮುರಿದುಕೊಂಡರು.

ಇದನ್ನು ತಪ್ಪಿಸಲು ಮೊದಲು ಡಾಕರ್ ಹಿಡಿದೆವು, ಪ್ರತಿ ಪ್ರೋಗ್ರಾಮನ್ನೂ ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಟೂಲ್. ಅದಕ್ಕೆಂದು ಸುಮಾರು ನಾಲ್ಕೂವರೆ ಸಾವಿರದ ರ್‍ಯಾಮ್ ಹಾಕಿಸಿದೆ. ಕಂಟೇನರ್ ಒಳಗೆ ಜಗಳ ಇಲ್ಲ, ನಿಜ. ಆದರೆ ಹೊರಗೆ ಎರಡು ಕಂಟೇನರ್ ಡೇಟಾಬೇಸಿಗೆ ಒಂದೇ 3306 ಕೇಳಿದರೆ ಮತ್ತೆ ಅದೇ ಕಥೆ, ಅಲ್ವಾ?

ಈಗಿನ ಲೆಕ್ಕ ಇಷ್ಟೇ. ಮೊದಲ ಪ್ರಾಜೆಕ್ಟ್ 4100, ಎರಡನೆಯದು 4110, ಹೀಗೆ. ಕೊನೆಯ ಅಂಕಿ 0 ಇದ್ದರೆ ಫ್ರಂಟ್‌ಎಂಡ್ (ಕಣ್ಣಿಗೆ ಕಾಣುವ ಪೇಜ್), 1 ಎಪಿಐ (ಪೇಜಿಗೆ ಮಾಹಿತಿ ಕೊಡುವ ಭಾಗ), 2 ಡೇಟಾಬೇಸ್, 3 ಮೇಲ್ ಟೆಸ್ಟಿಂಗ್. 3000, 5000, 8080 ನಮ್ಮಲ್ಲಿ ಯಾರೂ ಮುಟ್ಟುವಂತಿಲ್ಲ. ಮ್ಯಾಕ್‌ನಲ್ಲಿ ಮಾಂಟೆರೆ ಆವೃತ್ತಿ ಬಂದಾಗಿನಿಂದ 5000 ಏರ್‌ಪ್ಲೇ ರಿಸೀವರ್ (ಬೇರೆ ಸಾಧನದ ಹಾಡು, ವಿಡಿಯೊ ಪಡೆಯುವ ಸೌಲಭ್ಯ) ಪಾಲು. ವೀಟ್‌ಗೆ ಸ್ಟ್ರಿಕ್ಟ್‌ಪೋರ್ಟ್ ಅನ್ನೋ ಸೆಟ್ಟಿಂಗ್ ಆನ್ ಮಾಡಿದ್ದೇವೆ. ಜಾಗ ಸಿಗದಿದ್ದರೆ ಅದು ನಿಲ್ಲಬೇಕು, ಪಕ್ಕಕ್ಕೆ ಸರಿಯಬಾರದು.

ಹೆಚ್ಚು ಕಾಡಿದ್ದು ವಿಂಡೋಸ್. ಯಾವ ಪೋರ್ಟ್ ಬಳಕೆಯಲ್ಲಿದೆ ಅಂತ ತೋರಿಸುವ ನೆಟ್‌ಸ್ಟಾಟ್‌ನಲ್ಲಿ ಪೋರ್ಟ್ ಖಾಲಿ, ಆದರೂ ಪರ್ಮಿಶನ್ ಎರರ್. ಎರಡು ದಿನ ಹೋಯ್ತು. ನೆಟ್‌ಎಸ್‌ಎಚ್ ಕಮಾಂಡಿನಲ್ಲಿ ಎಕ್ಸ್‌ಕ್ಲೂಡೆಡ್ ಪೋರ್ಟ್ ರೇಂಜ್ (ಕಾಯ್ದಿರಿಸಿದ ಪೋರ್ಟ್‌ಗಳ ಪಟ್ಟಿ) ನೋಡಿದರೆ ಹೈಪರ್-ವಿ, ಅಂದರೆ ವಿಂಡೋಸಿನ ವರ್ಚುವಲ್ ಮಷೀನ್ ವ್ಯವಸ್ಥೆ, ಸಾಲುಸಾಲು ಪೋರ್ಟ್ ಹಿಡಿದಿಟ್ಟಿತ್ತು. ಅದರ ನೆಟ್‌ವರ್ಕ್ ನೋಡಿಕೊಳ್ಳುವ ವಿನ್‌ನ್ಯಾಟ್ ಸರ್ವಿಸ್ ನಿಲ್ಲಿಸಿ, 4100ರಿಂದ ಇನ್ನೂರು ಪೋರ್ಟ್ ನಾವೇ ಅಲ್ಲಿ ಕಾಯ್ದಿರಿಸಿ, ಮತ್ತೆ ಶುರು ಮಾಡಿದೆ. ಹೀಗೆ ಕಾಯ್ದಿರಿಸಿದ್ದನ್ನು ಹೈಪರ್-ವಿ ಎತ್ತಿಕೊಳ್ಳುವುದಿಲ್ಲ, ನಮ್ಮ ಸರ್ವರ್ ಮಾತ್ರ ಆರಾಮಾಗಿ ಏರುತ್ತದೆ. ಇದನ್ನು ಕಂಡುಹಿಡಿದ ದಿನ ನನಗೆ ನಿಜಕ್ಕೂ ಹೆಮ್ಮೆಯಾಯಿತು.

ನಡುವೆ ಇನ್ನೊಂದು ಪ್ರಯೋಗವೂ ಆಯ್ತು. 4100 ಮತ್ತು 4110ರಲ್ಲಿ ಎರಡು ಅಡ್ಮಿನ್ ಪ್ಯಾನೆಲ್ ತೆರೆದರೆ ಒಂದರ ಲಾಗಿನ್ ಇನ್ನೊಂದನ್ನು ಹೊರಗೆ ಹಾಕುತ್ತಿತ್ತು. ಕುಕೀ (ಲಾಗಿನ್ ನೆನಪಿಡಲು ಬ್ರೌಸರಿನಲ್ಲಿ ಉಳಿಯುವ ಚೀಟಿ) ಪೋರ್ಟ್ ನೋಡುವುದಿಲ್ಲ, ವಿಳಾಸದ ಹೆಸರು ಮಾತ್ರ ನೋಡುತ್ತದೆ; ಎರಡರದ್ದೂ ಲೋಕಲ್‌ಹೋಸ್ಟ್ ಅನ್ನೋ ಒಂದೇ ಹೆಸರು. ಮುಂದೆ ಕ್ಯಾಡಿ (ಹೆಸರು ನೋಡಿ ಸರಿಯಾದ ಪೋರ್ಟಿಗೆ ಕಳಿಸುವ ಸರ್ವರ್) ಇಟ್ಟು ಬೆಲ್ಲ.ಲೋಕಲ್‌ಹೋಸ್ಟ್, ಮಂಟಪ.ಲೋಕಲ್‌ಹೋಸ್ಟ್ ಅಂತ ಪ್ರತಿ ಪ್ರಾಜೆಕ್ಟಿಗೂ ಬೇರೆ ಬೇರೆ ಹೆಸರು ಕೊಟ್ಟೆ. ಆ ತೊಂದರೆಯೂ ಹೋಯ್ತು.

ಯಾವ ಪೋರ್ಟ್ ಯಾವ ಫೋಲ್ಡರ್‌ನದು ಅಂತ ಹೇಳುವ ಸಣ್ಣ ಸ್ಕ್ರಿಪ್ಟ್ ಒಂದು ನಮ್ಮ ಹತ್ತಿರ ಇದೆ. ಅದನ್ನು ಮಾತ್ರ ಸದ್ಯಕ್ಕೆ ಕೊಡುವುದಿಲ್ಲ.

ಮಂಡ್ಯದವರದ್ದು 4130. ಹೋದ ತಿಂಗಳು ಅವರೇ ಫೋನ್ ಮಾಡಿ ಎರಡನೇ ಕೆಲಸ ಕೊಟ್ಟರು. ನೋಟ್‌ಬುಕ್ಕಿನಲ್ಲಿ ಅದಕ್ಕೆ 4210 ಬರೆದಾಯ್ತು.