ಇಮ್‌ಟೆಕ್ಸ್‌ನಲ್ಲಿ ಕಂಡದ್ದು ನಿಮ್ಮ ಮೆಷೀನಿಗೆ ಇಳಿಯಬೇಕಾದರೆ

ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಎಂಬ ಮೆಷೀನ್ ಟೂಲ್ ಪ್ರದರ್ಶನ ನಡೆದಾಗಲೆಲ್ಲ ಪೀಣ್ಯ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್‌ಗಳಿಗೆ ಚೀಲಗಟ್ಟಲೆ ಕ್ಯಾಟಲಾಗ್ ಬರುತ್ತವೆ, ಜೊತೆಗೆ ನಾಲ್ಕಾರು ಸ್ಯಾಂಪಲ್ ಇನ್ಸರ್ಟ್ (ಲೋಹ ಕತ್ತರಿಸುವ ಟೂಲ್‌ನ ತುದಿಗೆ ಕೂರಿಸುವ, ಬದಲಿಸಬಹುದಾದ ಬಿಲ್ಲೆ). ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ಡ್ರಾಯರಿನ ತಳ ಸೇರಿರುತ್ತವೆ. ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಾದ ಸಿಎಂಟಿಐನ ತರಬೇತಿ ಮುಗಿಸಿ ಬಂದವರ ನೋಟ್‌ಬುಕ್‌ಗೂ ಎಷ್ಟೋ ಕಡೆ ಇದೇ ಗತಿ.

ಕೊರತೆ ಇರುವುದು ಹೊಸ ತಿಳಿವಳಿಕೆಯದಲ್ಲ, ಅದನ್ನು ಅಳೆದು ನೋಡಲು ಬೇಕಾದ ಹಳೆಯ ತಿಳಿವಳಿಕೆಯದು. ಒಂದು ಸಂಸ್ಥೆ ಹೊಸದನ್ನು ಎಷ್ಟು ಅರಗಿಸಿಕೊಳ್ಳುತ್ತದೆ ಎಂಬುದು ಅದಕ್ಕೆ ಈಗಾಗಲೇ ಗೊತ್ತಿರುವುದನ್ನು ಅವಲಂಬಿಸಿದೆ ಎಂದು ಸಂಶೋಧಕರಾದ ಕೋಹೆನ್ ಮತ್ತು ಲೆವಿಂತಾಲ್ 1990ರಲ್ಲೇ ವಾದಿಸಿದ್ದರು. ತನ್ನ ಸೈಕಲ್ ಟೈಮ್ (ಒಂದು ಪೀಸ್‌ಗೆ ಹಿಡಿಯುವ ಸಮಯ), ಟೂಲ್ ಲೈಫ್ (ಕತ್ತರಿಸುವ ಎಡ್ಜ್ ಬಾಳುವ ಸಮಯ) ಎಷ್ಟೆಂದೇ ಗೊತ್ತಿಲ್ಲದ ಶಾಪ್‌ಗೆ ಹೊಸ ಇನ್ಸರ್ಟ್ ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದಾದರೂ ಹೇಗೆ? ಕೈಜನ್ (ಸಣ್ಣ ಸಣ್ಣ ಹೆಜ್ಜೆಗಳ ನಿರಂತರ ಸುಧಾರಣೆ), ಲೀನ್ (ವ್ಯರ್ಥ ಕಡಿಮೆ ಮಾಡುವ ಕ್ರಮ) ಎಂದರೆ ಆಡಿಟ್‌ಗಾಗಿ ಗೋಡೆಗೆ ಅಂಟಿಸುವ ಚಾರ್ಟ್ ಎಂದುಕೊಂಡವರೇ ಹೆಚ್ಚು. ಅವುಗಳ ನಿಜವಾದ ಉಪಯೋಗ ಹೀಗೆ ಅಳೆದು ನೋಡುವುದರಲ್ಲಿದೆ.

ಪ್ರದರ್ಶನಕ್ಕೆ ಹೋಗುವ ಮೊದಲೇ ಕಳೆದ ಮೂರು ತಿಂಗಳ ರಿಜೆಕ್ಷನ್ ಪುಸ್ತಕ ತೆಗೆದು, ಕಾರಣಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಮೊದಲ ಎರಡು ಕಾರಣಗಳನ್ನು ಪ್ರಶ್ನೆಗಳಾಗಿ ಬರೆದುಕೊಂಡು ಹೋಗಿ. ಮಾಲೀಕರ ಜೊತೆ ಒಬ್ಬ ಸೆಟ್ಟರ್ (ಮೆಷೀನನ್ನು ಕೆಲಸಕ್ಕೆ ಸಜ್ಜುಗೊಳಿಸುವವನು) ಇರಲೇಬೇಕು, ಯಾಕೆಂದರೆ ಸ್ಟಾಲ್‌ನವರಿಗೆ ಅಡ್ಡಪ್ರಶ್ನೆ ಹಾಕುವುದು ಅವನೇ. ಬಂದ ಎರಡು ದಿನದೊಳಗೆ ಒಂದೇ ಒಂದು ಎ3 ಹಾಳೆ: ಈಗಿನ ಸ್ಥಿತಿ, ಏನು ಬದಲಿಸುತ್ತೇವೆ, ಯಾವ ಅಳತೆ ಎಷ್ಟು ಸುಧಾರಿಸಬೇಕು, ಯಾರ ಹೊಣೆ.

ಪ್ರಯೋಗಕ್ಕೆ ಮುಂಚೆ ಬೇಸ್‌ಲೈನ್. ಹಳೆಯ ವಿಧಾನದಲ್ಲೇ ಸತತ 30 ಪೀಸ್ ಅಳೆಯಿರಿ. ಬೆಳಿಗ್ಗೆ ತಣ್ಣಗಿನ ಸ್ಪಿಂಡಲ್‌ನಲ್ಲಿ ಬಂದ ಮೊದಲ ಪೀಸ್‌ಗಳನ್ನು ಬೇರೆ ಬರೆಯಿರಿ. ಬಿಸಿಯಾದಂತೆ ಸೈಜ್ ಸರಿಯುತ್ತದೆ. ಅಳೆಯುವ ಕೈಯನ್ನೂ ಪರೀಕ್ಷಿಸಬೇಕು: 10 ಪೀಸ್, ಮೂವರು, ತಲಾ ಮೂರು ಸಲ. ಗೇಜ್ ಆರ್ ಅಂಡ್ ಆರ್ (ಅಳೆಯುವುದರಿಂದಲೇ ಬರುವ ಏರುಪೇರಿನ ಪಾಲು) 10%ಗಿಂತ ಕಡಿಮೆಯಿದ್ದರೆ ನಿಶ್ಚಿಂತೆ. 30% ದಾಟಿದರೆ ಮೊದಲು ಮೈಕ್ರೋಮೀಟರ್ ಮತ್ತು ಅದನ್ನು ಹಿಡಿಯುವ ರೀತಿ ಸರಿಮಾಡಿ, ಇನ್ಸರ್ಟ್ ಆಮೇಲೆ.

ಹೆಚ್ಚು ಎಡವಟ್ಟಾಗುವುದು ಪ್ರಯೋಗದಲ್ಲೇ. ಹೊಸ ಗ್ರೇಡ್‌ನ ಇನ್ಸರ್ಟ್, ಹೊಸ ಸ್ಪೀಡ್, ಹೊಸ ಕೂಲಂಟ್ ಎಲ್ಲ ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತೆಂದು ದೇವರಿಗೇ ಗೊತ್ತು. ಮೊದಲು ಹಳೆಯ ಸ್ಪೀಡ್‌ನಲ್ಲೇ ಹೊಸ ಇನ್ಸರ್ಟ್ ಓಡಿಸಿ, ಆಮೇಲೆ 10%ನಂತೆ ಏರಿಸಿ. ಇಎನ್8 ಉಕ್ಕಿನ ಬಾರ್‌ಗಳು ಒಂದೇ ಹೀಟ್ ನಂಬರಿನವಾಗಿರಲಿ, ಅಂದರೆ ಒಂದೇ ಸಲ ಕರಗಿಸಿದ ಉಕ್ಕಿನವು. ಲಾಟ್ ಬದಲಾದರೆ ಗಡಸುತನವೂ ಬದಲಾಗಬಹುದು. ಕ್ಯಾಟಲಾಗ್‌ನ ಸ್ಪೀಡ್ ಅನ್ನು ಕಣ್ಣುಮುಚ್ಚಿ ನಂಬಬೇಡಿ. ಹಲವು ಕಂಪನಿಗಳ ಅಂಕಿ 15 ನಿಮಿಷದ ಟೂಲ್ ಲೈಫ್ ಲೆಕ್ಕದ್ದು. ಒಂದು ಪೀಸ್‌ಗೆ ಒಂದು ನಿಮಿಷ ಕಟಿಂಗ್ ಇದ್ದರೆ ಸುಮಾರು 15 ಪೀಸ್‌ಗೊಮ್ಮೆ ಎಡ್ಜ್ ತಿರುಗಿಸಬೇಕಾಗುತ್ತದೆ. 40 ಮಿ.ಮೀ. ವ್ಯಾಸಕ್ಕೆ ಕಟಿಂಗ್ ಸ್ಪೀಡ್ ನಿಮಿಷಕ್ಕೆ 250 ಮೀಟರ್ ಎಂದರೆ ಸುಮಾರು 1,990 ಆರ್‌ಪಿಎಂ. ಕಟಿಂಗ್ ಸ್ಪೀಡನ್ನು ಒಂದೇ ಸಮನೆ ಇಡುವ ಜಿ96 ಆಜ್ಞೆಯಲ್ಲಿ ಫೇಸಿಂಗ್ (ಪೀಸ್‌ನ ತುದಿಯ ಮುಖ ಸಮಮಾಡುವುದು) ಮಾಡುವಾಗ ಟೂಲ್ ಮಧ್ಯಕ್ಕೆ ಬಂದಂತೆ ಆರ್‌ಪಿಎಂ ಏರುತ್ತದೆ, ಪೀಸ್ ಹಿಡಿದಿರುವ ಚಕ್‌ನ ಹಿಡಿತ ಸಡಿಲವಾಗುತ್ತದೆ. ಫ್ಯಾನುಕ್ ಕಂಪನಿಯ ಕಂಟ್ರೋಲ್ ಆದರೆ ಜಿ50 ಆಜ್ಞೆಯಿಂದ ಆರ್‌ಪಿಎಂಗೆ ಗರಿಷ್ಠ ಮಿತಿ ಹಾಕದೆ ಸೈಕಲ್ ಸ್ಟಾರ್ಟ್ ಒತ್ತಲೇಬೇಡಿ. ಫ್ಲ್ಯಾಂಕ್ ವೇರ್ (ಎಡ್ಜ್‌ನ ಪಕ್ಕದ ಸವೆತ) 0.3 ಮಿ.ಮೀ. ಆದಾಗ ಎಡ್ಜ್ ಮುಗಿಯಿತೆಂದು ಲೆಕ್ಕ. ರಾತ್ರಿ ಶಿಫ್ಟ್‌ನಲ್ಲೂ ಅದೇ ಫಲಿತಾಂಶ ಬಂದರೆ ಮಾತ್ರ ಗೆದ್ದಂತೆ.

ಗೆದ್ದದ್ದನ್ನು ಕಲಿಸುವುದು ಇನ್ನೊಂದೇ ಕೆಲಸ. ಪೀಣ್ಯದ ಒಂದೇ ಶೆಡ್ಡಿನಲ್ಲಿ ಕನ್ನಡ, ಹಿಂದಿ, ಒಡಿಯಾ, ತಮಿಳು ಎಲ್ಲ ಕೇಳಿಸುತ್ತವೆ. ಹಾಗಾಗಿ ಇಂಗ್ಲಿಷ್‌ನಲ್ಲಿ ಎರಡು ಪುಟ ಬರೆದು ಪ್ರಯೋಜನವಿಲ್ಲ. ಫೋಟೋ ಹೆಚ್ಚು, ಅಕ್ಷರ ಕಡಿಮೆ ಇರಲಿ. 1940ರ ದಶಕದ ಅಮೆರಿಕದ ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ತರಬೇತಿ ಕ್ರಮ ಇವತ್ತಿಗೂ ಸಾಕು: ಕಲಿಯುವವನನ್ನು ಸಿದ್ಧಗೊಳಿಸಿ, ಮಾಡಿ ತೋರಿಸಿ, ಅವನಿಂದ ಮಾಡಿಸಿ, ಆಮೇಲೂ ಹೋಗಿ ನೋಡುತ್ತಿರಿ. ಮಾಡುವಾಗ ‘ಹೀಗೇಕೆ?’ ಎಂಬುದನ್ನು ಅವನ ಬಾಯಿಂದಲೇ ಹೇಳಿಸಿ. ಕಾರಣ ತಿಳಿಯದವನು ಮುಂದಿನ ತೊಂದರೆ ಬಂದಾಗ ಹಳೆಯ ಸ್ಪೀಡ್‌ಗೇ ಮರಳುತ್ತಾನೆ.

ವಾಹನ ಅಥವಾ ವಿಮಾನದ ಬಿಡಿಭಾಗ ಮಾಡುವವರು ಪ್ರೊಡಕ್ಷನ್‌ನಲ್ಲಿ ಬದಲಾವಣೆ ತರುವ ಮೊದಲು ಗ್ರಾಹಕರ ಒಪ್ಪಿಗೆ ಬೇಕೇ ಎಂದು ಕೇಳಿಕೊಳ್ಳಿ. ಕಂಟ್ರೋಲ್ ಪ್ಲಾನ್ (ಏನನ್ನು, ಹೇಗೆ ತಪಾಸಿಸಬೇಕೆಂಬ ದಾಖಲೆ), ಮಾಸ್ಟರ್ ಪ್ರೋಗ್ರಾಂ, ಸ್ಟೋರ್ಸ್‌ನ ರೀಆರ್ಡರ್ ಪಟ್ಟಿ ಮೂರನ್ನೂ ಒಂದೇ ದಿನ ತಿದ್ದಿ. ಎಷ್ಟೋ ಸುಧಾರಣೆ ಸಾಯುವುದು ಸ್ಟೋರ್ಸ್‌ನವರು ಅಭ್ಯಾಸದಂತೆ ಹಳೆಯ ಇನ್ಸರ್ಟನ್ನೇ ಮತ್ತೆ ತರಿಸುವುದರಿಂದ.

ಈ ವಿಧಾನಗಳಿಗೆ ಒಂದು ಮಿತಿಯೂ ಇದೆ. ಇರುವ ಕೆಲಸಕ್ಕೆ ಹತ್ತಿರದ ಜ್ಞಾನವನ್ನು ಇವು ಚೆನ್ನಾಗಿ ಒಳಗೆ ತರುತ್ತವೆ. ಲೇತ್ ಶಾಪ್ ಒಂದು ಲೋಹದ 3ಡಿ ಪ್ರಿಂಟಿಂಗ್ ಕಲಿಯುವುದು ಕೈಜನ್‌ನಿಂದ ಆಗದ ಮಾತು. ಅಂಥದ್ದಕ್ಕೆ ತಿಂಗಳಲ್ಲಿ ಅರ್ಧ ದಿನ ಒಬ್ಬ ಒಳ್ಳೆಯ ಸೆಟ್ಟರ್‌ನನ್ನು ಪ್ರೊಡಕ್ಷನ್ ಪ್ಲಾನ್‌ನಿಂದ ಹೊರಗಿಡಿ, ಆ ಅರ್ಧ ದಿನದ ಪೀಸ್ ಲೆಕ್ಕ ಕೇಳಬೇಡಿ.