ಸಿಒಪಿಡಿ ರೋಗಿಗಳ ದನಿಯ ಬೆನ್ನು ಹತ್ತಿ: ನನ್ನ ಅನುಭವ

ದನಿಯನ್ನು ಯಂತ್ರದಿಂದ ಅಳೆದು ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ರೋಗ) ಉಲ್ಬಣವಾಗುವುದನ್ನು ಮೊದಲೇ ಹಿಡಿಯಬಹುದು ಎಂದಾಗ ಜೊತೆಯ ವೈದ್ಯರಲ್ಲಿ ಹೆಚ್ಚಿನವರು ನಂಬಲಿಲ್ಲ. ಊದಿದ ಉಸಿರನ್ನು ಅಳೆಯುವ ಸ್ಪೈರೋಮೀಟರ್ ಇರುವಾಗ ಇದೇಕೆ ಎಂದರು. ದಿನವೂ ಬಲವಾಗಿ ಊದಿ ಎಂದರೆ ರೋಗಿಗಳು ಕೆಲವೇ ವಾರಗಳಲ್ಲಿ ಅದನ್ನು ಮೂಲೆಗಿಡುತ್ತಾರೆ. ಫೋನಿನ ಮುಂದೆ ಒಂದು ನಿಮಿಷ ಗಟ್ಟಿಯಾಗಿ ಓದಿ ಎಂದರೆ ತಿಂಗಳುಗಟ್ಟಲೆ ಓದುತ್ತಾರೆ. ಈಗ ಅದೇ ವೈದ್ಯರು ಬೆಳಿಗ್ಗೆ ಎಚ್ಚರಿಕೆ ಬಂದ ರೋಗಿಗಳ ನನ್ನ ಪಟ್ಟಿಯನ್ನು ಕೇಳಿ ಪಡೆಯುತ್ತಾರೆ.

ಶುರುವಿನಲ್ಲಿ ಎಲ್ಲರಂತೆ ನಾನೂ ಜಿಟರ್ (ದನಿಯ ಕಂಪನದ ವೇಗದಲ್ಲಿನ ಏರುಪೇರು), ಶಿಮರ್‌ಗಳ (ದನಿಯ ಬಲದಲ್ಲಿನ ಏರುಪೇರು) ಹಿಂದೆ ಹೋದೆ. ‘ಆ’ ಎಂದು ಎಳೆಯಿಸಿ ದನಿ ಅಳೆಯುವ ತಂತ್ರಾಂಶ ಪ್ರಾಟ್‌ಗೆ ಹಾಕುವುದು, ಅಂಥದೇ ಇನ್ನೊಂದು ತಂತ್ರಾಂಶ ಓಪನ್‌ಸ್ಮೈಲ್‌ನಿಂದ ದನಿಯ 88 ಲಕ್ಷಣಗಳ ಸಿದ್ಧ ಪಟ್ಟಿಯನ್ನು ತೆಗೆಯುವುದು. ಅದರಿಂದ ಕಲಿಯುವ ಕಂಪ್ಯೂಟರ್ ಮಾದರಿಯನ್ನು, ದತ್ತಾಂಶವನ್ನು ಸುಮ್ಮನೆ ಚದುರಿಸಿ ಪರೀಕ್ಷಿಸಿದರೆ ಅಂಕ ನೂರಕ್ಕೆ ತೊಂಬತ್ತರ ಮೇಲೆ. ಒಬ್ಬ ರೋಗಿಯ ಎಲ್ಲ ಧ್ವನಿಮುದ್ರಣಗಳನ್ನೂ ಹೊರಗಿಟ್ಟು ನೋಡಿದರೆ ಐವತ್ತರ ಆಸುಪಾಸು. ಮಾದರಿ ಕಲಿತದ್ದು ರೋಗವನ್ನಲ್ಲ, ಯಾರ ದನಿ ಯಾವುದು ಎಂಬುದನ್ನು. ಸ್ಟೀರಾಯ್ಡ್ ಇನ್‌ಹೇಲರ್ ಇನ್ನೊಂದು ಗೋಳು ತಂದಿತು. ಅದರಿಂದ ಗಂಟಲು ಒಡೆದವರಲ್ಲಿ ಶಿಮರ್ ಏರುತ್ತಿತ್ತು, ಶ್ವಾಸಕೋಶ ಮಾತ್ರ ಇದ್ದಂತೆಯೇ ಇತ್ತು.

ಈ ಕೆಲಸಕ್ಕಿದ್ದ ಹಣದಲ್ಲಿ ಅರ್ಧದಷ್ಟು ಒಳ್ಳೆಯ ಮೈಕ್ರೊಫೋನ್‌ಗಳಿಗೆ ಹೋಯಿತು. ಅವು ಪೆಟ್ಟಿಗೆಯಲ್ಲೇ ಉಳಿದವು, ಏಕೆಂದರೆ ಏದುಸಿರು ಬಿಡುವ ಹಿರಿಯರಿಗೆ ತಂತಿ ಜೋಡಿಸುವ ತಾಳ್ಮೆ ಎಲ್ಲಿಂದ ಬರಬೇಕು? ಅವರದೇ ಮೊಬೈಲಿಗೆ ಬಂದೆವು. ಅಲ್ಲಿ ಕಾದಿದ್ದದ್ದು ಗದ್ದಲ ತಗ್ಗಿಸುವ ತಂತ್ರಾಂಶ: ನನಗೆ ಬೇಕಾದ ಉಸಿರೆಳೆಯುವ ಸದ್ದನ್ನೇ ಗದ್ದಲವೆಂದು ಅಳಿಸಿಹಾಕುತ್ತಿತ್ತು. ಆಂಡ್ರಾಯ್ಡ್ 7ರಿಂದ ಈಚೆಗೆ ಸಂಸ್ಕರಿಸದ ಧ್ವನಿಯನ್ನು ಕೇಳಿ ಪಡೆಯುವ ದಾರಿ ಇದೆ, ಆದರೆ ಎಲ್ಲ ಫೋನುಗಳೂ ಕೊಡುವುದಿಲ್ಲ. ಕೊಡದ ಫೋನುಗಳಿಗೆ ಬೇರೊಂದು ಉಪಾಯ ಹೂಡಿದ್ದೇನೆ; ಅದು ಸದ್ಯಕ್ಕೆ ನನ್ನಲ್ಲೇ ಇರಲಿ. 16 ಕಿಲೋಹರ್ಟ್ಸ್, ಸಂಕುಚಿಸದ ಕಡತ ಸಾಕು. ನಿಮಿಷಕ್ಕೆ ಹೆಚ್ಚುಕಡಿಮೆ 2 ಎಂಬಿ. ಸಂಗ್ರಹದ ಬಾಡಿಗೆ ಹೊರೆಯಾಗಲಿಲ್ಲ. ಹೊರೆಯಾದದ್ದು ರೋಗಿಗಳಿಗೆ ಕರೆ ಮಾಡಿ ವಿಚಾರಿಸುವವರ ಸಂಬಳ. ಆದರೂ ಆ ಖರ್ಚನ್ನು ಉಳಿಸಲು ಹೋಗಬೇಡಿ. ಕರೆ ನಿಂತ ವಾರವೇ ಮುದ್ರಣಗಳೂ ನಿಲ್ಲುತ್ತವೆ.

ಕೊನೆಗೆ ಕೈ ಹಿಡಿದದ್ದು ಓದುವಾಗ ಉಸಿರಿಗಾಗಿ ನಿಲ್ಲುವ ಬಿಡುವು. ಒಂದು ಉಸಿರಿಗೂ ಮುಂದಿನದಕ್ಕೂ ನಡುವೆ ಎಷ್ಟು ಅಕ್ಷರ ಬರುತ್ತವೆ, ಬಿಡುವು ಎಷ್ಟು ದೀರ್ಘ, ವಾಕ್ಯದ ಕೊನೆಯಲ್ಲಿ ಬರುತ್ತದೆಯೋ ನಡುವೆಯೇ ಮುರಿಯುತ್ತದೆಯೋ. ಇಷ್ಟೇ. ಇದನ್ನು ಬೇರೆಯವರೊಂದಿಗೆ ಹೋಲಿಸದೆ, ಆ ರೋಗಿಯ ಹಿಂದಿನ ಎರಡು ವಾರಗಳ ಮಧ್ಯಕದೊಂದಿಗೆ (ಅಂಕಿಗಳನ್ನು ಏರಿಕೆಯ ಸಾಲಿನಲ್ಲಿಟ್ಟಾಗ ನಡುವೆ ಬರುವುದು) ಮಾತ್ರ ಹೋಲಿಸಿದೆ. ಬೆಳಗಿನ ಇನ್‌ಹೇಲರ್‌ಗೆ ಮೊದಲೇ ಓದಬೇಕು, ಇಲ್ಲದಿದ್ದರೆ ಔಷಧ ಶ್ವಾಸನಾಳಗಳನ್ನು ಹಿಗ್ಗಿಸಿ ಅಳತೆಯನ್ನು ಮಬ್ಬಾಗಿಸುತ್ತದೆ. ಒಂದೇ ಪಠ್ಯ ಕೊಟ್ಟರೆ ಬಾಯಿಪಾಠವಾಗಿ ಓದು ಚುರುಕಾಗುತ್ತದೆ, ರೋಗಿ ಸುಧಾರಿಸಿದಂತೆ ಕಾಣುತ್ತದೆ. ಆದ್ದರಿಂದ ಪಠ್ಯಗಳನ್ನು ಸರದಿಯಂತೆ ಬದಲಿಸುತ್ತೇನೆ. ಉಸಿರಿಗೆ ಎಡೆ ಕೊಡದಂತೆ ವಾಕ್ಯಗಳನ್ನು ಹೆಣೆಯುವುದರಲ್ಲಿ ನನ್ನ ಕೈಚಳಕವಿದೆ, ಅವನ್ನೂ ಇಲ್ಲಿ ಕೊಡುವುದಿಲ್ಲ.

ನಡುವೆ ರಾತ್ರಿಯ ಕೆಮ್ಮನ್ನು ಎಣಿಸಲು ಹೊರಟಿದ್ದೆ. ಪಕ್ಕದಲ್ಲಿ ಮಲಗಿದವರ ಕೆಮ್ಮೂ ಸೇರಿಕೊಂಡು ಲೆಕ್ಕ ಕೆಟ್ಟಿತು, ಕೈಬಿಟ್ಟೆ. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಎಂಬ ಹಳೆಯ ಪರೀಕ್ಷೆ ಮಾತ್ರ ಸೊಗಸಾಗಿದೆ. ಓದಲು ಬಾರದವರಿಗೆ ಈಗಲೂ ಅದನ್ನೇ ಬಳಸುತ್ತೇನೆ. ಕಷ್ಟವೆಂದರೆ ನಿನ್ನೆಯ ಅಂಕಿಯನ್ನು ಮೀರಬೇಕೆಂದು ಹಟ ಹಿಡಿದು ಸುಸ್ತಾಗುತ್ತಾರೆ. ಆದ್ದರಿಂದ ಫಲಿತಾಂಶವನ್ನು ಅವರಿಗೆ ತೋರಿಸುವುದಿಲ್ಲ.

ನೆನಪಿನಿಂದ ಹೇಳುವುದಾದರೆ, ಮೂವತ್ತರಷ್ಟು ರೋಗಿಗಳಲ್ಲಿ ಕಂಡ ಹದಿನೈದು ಚಿಲ್ಲರೆ ಉಲ್ಬಣಗಳಲ್ಲಿ ಹತ್ತರಷ್ಟಕ್ಕೆ ಎರಡು ಮೂರು ದಿನ ಮೊದಲೇ ಎಚ್ಚರಿಕೆ ಸಿಕ್ಕಿತು. ಹುಸಿ ಎಚ್ಚರಿಕೆಗಳೂ ಇವೆ, ಹೆಚ್ಚಿನವು ನೆಗಡಿಯಿಂದ. ಎರಡು ದಿನ ಸತತವಾಗಿ ಏರುಪೇರಾದರೆ ಮಾತ್ರ ಕರೆ ಮಾಡುವಂತೆ ಬದಲಿಸಿದ ಮೇಲೆ ಅವು ಅರ್ಧಕ್ಕಿಳಿದವು. ಕರೆಯಲ್ಲಿ ಕಫದ ಬಣ್ಣ ಮತ್ತು ಆಕ್ಸಿಮೀಟರ್‌ನ ಅಂಕಿ ಕೇಳುತ್ತೇವೆ, ತೀರ್ಮಾನ ವೈದ್ಯರದು.

ಮಾಡಲು ಹೊರಡುವವರಿಗೆ ಒಂದು ಮಾತು: ರೋಗಿ ಫೋನ್ ಬದಲಿಸಿದರೆ ಹಳೆಯ ಮಧ್ಯಕವನ್ನು ಅಳಿಸಿ, ಎರಡು ವಾರ ಹೊಸದಾಗಿ ಅಳೆಯಿರಿ. ಆ ಎರಡು ವಾರ ಯಾವ ಎಚ್ಚರಿಕೆಯನ್ನೂ ಕಳುಹಿಸಬೇಡಿ, ಬದಲಿಗೆ ದಿನವೂ ಕರೆ ಮಾಡಿ.