ಕಾಲಿಗೆ ಹಗ್ಗ ಇರಲಿಲ್ಲ: ಟ್ಯಾರೋ ಕಾರ್ಡ್ ಮತ್ತ ನನ್ನ ಬುಧವಾರ

ಮೊದ್ಲ ಹೇಳಿಬಿಡ್ತೀನಿ, ನಾ ಭವಿಷ್ಯ ಹೇಳಾಕಿ ಅಲ್ಲ. ಧಾರವಾಡದ ಮಾಳಮಡ್ಡ್ಯಾಗ ಮನ್ಯಾಗ ಕುಂತು ಬ್ಲೌಸ್ ಹೊಲಿತೀನಿ, ಸೀರಿಗೆ ಫಾಲ್ ಪಿಕೋ ಮಾಡ್ತೀನಿ. ಮಶಿನ್ ಮನ್ಯಾಗ ಇದ್ರ ಎಲ್ಲಾರೂ ನಮಗ ಪುರಸೊತ್ತು ಐತಿ ಅಂತನ ತಿಳ್ಕೋತಾರ, "ಮನ್ಯಾಗ ಇರ್ತಿ ಅಲ್ಲ, ಇದೊಂದು ಹಾಕಿಕೊಡು" ಅಂತ ನೆಗೆಣ್ಣಿ ಸೀರಿ, ಓಣಿ ಮಂದಿ ಸೀರಿ, ರೊಕ್ಕ ಕೇಳಾಕ ನನಗ ನಾಲಿಗಿನ ಏಳಾಂಗಿಲ್ಲ, ರಾತ್ರಿ ಹನ್ನೊಂದಕ್ಕ ನಡ ಹಿಡ್ಕೊಂಡು ಮಲ್ಕೊಳ್ಳೂದು.

ಮ್ಯಾಲಿನ ರೂಮಿನ್ಯಾಗ ಬಾಡಗಿ ಇದ್ದ ಕಾಲೇಜ್ ಹುಡುಗಿ ಖಾಲಿ ಮಾಡೂ ಮುಂದ "ಅಕ್ಕಾ, ನೀವು ಇಟ್ಕೊಳ್ರಿ" ಅಂತ ಒಂದು ಟ್ಯಾರೋ ಡೆಕ್, ಅಂದ್ರ ಭವಿಷ್ಯ ನೋಡಾಕ ಬಳಸೂ ಚಿತ್ರದ ಕಾರ್ಡಿನ ಕಟ್ಟು, ಕೊಟ್ಟು ಹೋದ್ಲು. 78 ಕಾರ್ಡ್ ಇರಬೇಕು, 77 ಅದಾವ. ಅತ್ತಿಯವ್ರು ನೋಡಿ "ಇಂಥಾವೆಲ್ಲ ಮನ್ಯಾಗ ಬ್ಯಾಡ ಯವ್ವಾ" ಅಂದ್ರು. "ಅತ್ತಿ, ಇದು 15ನೇ ಶತಮಾನದಾಗ ಇಟಲಿ ಮಂದಿ ಇಸ್ಪೀಟ್ ಆಡಿಧಂಗ ಆಡ್ತಿದ್ದ ಎಲಿ, ಭವಿಷ್ಯ ಹೇಳೂದೆಲ್ಲ ಜೋರಾಗಿದ್ದು 18ನೇ ಶತಮಾನದಾಗ" ಅಂದೆ. "ಹಂಗಾರ ಹಾಕು ಒಂದ್ ಆಟ" ಅಂದ್ರು!

ಸುರುವಿಗೆ ನಾ ಮಾಡಿದ್ದು ಶುದ್ಧ ಹುಚ್ಚುತನ. ಒಳ್ಳೆ ಕಾರ್ಡ್ ಬರೂತನಕ ತಗಿಯೂದು, ನೆಗೆಣ್ಣಿ ಮನಸ್ಸಿನ್ಯಾಗ ಏನೈತಿ ಅಂತ ತಗಿಯೂದು, ಆಮ್ಯಾಲೆ ಅದರ ಅರ್ಥ ಯೂಟ್ಯೂಬ್‌ನ್ಯಾಗ ಹುಡುಕ್ಕೋತ ತಾಸುಗಟ್ಲೆ ಕುಂದ್ರೂದು, ಅಂದ್ರ ಇದ್ದ ಟೈಮೂ ಹೋತು. ಎರಡು ವಾರಕ್ಕ ಸಾಕಾತು.

ಈಗ ದಿನಾ ಒಂದ ಕಾರ್ಡ್, ಮುಂಜಾನೆ ಚಾ ಕುಡಿಯೂ ಮುಂದ, ಮೊಬೈಲ್ ಮುಟ್ಟೂಕಿಂತ ಮೊದ್ಲ. ಅರ್ಥ ಓದಂಗಿಲ್ಲ, ಚಿತ್ರ ನೋಡ್ತೀನಿ. ನನ್ನ ಹತ್ರ ಇರೂದು 1909ರ ರೈಡರ್ ವೇಟ್ ಡೆಕ್ಕಿನ ಚಿತ್ರದ್ದು, ಬರದಾಕಿ ಪಮೇಲಾ ಕೋಲ್ಮನ್ ಸ್ಮಿತ್. ಆಕಿ ಇಸ್ಪೀಟಿನಂಗ ನಂಬರ್ ಇರೂ ಸಣ್ಣ ಕಾರ್ಡಿನ್ಯಾಗೂ ಬರೇ ಕತ್ತಿ ಕೋಲು ಎಣಿಸಿಡದ ಮನಷ್ಯಾರ್ನ ಬರದಾಳ, ಅದಕ್ಕ ನನ್ನಂಥಾಕಿಗೂ ನೋಡಾಕ ಬರ್ತೈತಿ. ಕಣ್ಣು ಮೊದ್ಲ ಎಲ್ಲಿ ಹೋತು, ಇದರಾಗ ನಾ ಯಾರು, ಇವತ್ತ ಮಾಡಬಹುದಾದ ಸಣ್ಣದೊಂದು ಕೆಲಸ ಯಾವುದು, ಇಷ್ಟ ಅಳತಿ ಬರಿಯೂ ವಹಿ ಹಿಂದಿನ ಪುಟದಾಗ ತಾರೀಖು ಹಾಕಿ ಬರೀತೀನಿ. ಹತ್ತು ನಿಮಿಷ.

ಒಂದಿನ ಏಟ್ ಆಫ್ ಸ್ವೋರ್ಡ್ಸ್ ಬಂತು. ಹೆಣ್ಣಮಗಳು, ಕಣ್ಣಿಗೆ ಪಟ್ಟಿ, ಮೈಗೆ ಬಟ್ಟಿ ಸುತ್ತಿ ಕಟ್ಟ್ಯಾರ, ಸುತ್ತ ಎಂಟು ಕತ್ತಿ ನೆಲಕ್ಕ ನೆಟ್ಟಾವ. ಅಯ್ಯ ನಾನ ಇದು ಅಂತ ಅಳುನ ಬಂತು. ಬರಿಯಾಕ ಅಂತ ಮತ್ತ ನೋಡಿದ್ರ ಕಾಲು ಕಟ್ಟಿಲ್ಲ! ಮುಂದ ಕತ್ತೀನೂ ಇಲ್ಲ, ನಡದ್ರ ನಡೀಬಹುದು. ಅವತ್ತ ವಹ್ಯಾಗ ಬರದಿದ್ದು ಒಂದ ಸಾಲು, "ನನಗ ಬ್ಯಾಡ ಅಂದವ್ರು ಯಾರು?" ಹೆಸರು ಬರಿಯಾಕ ಹೋದ್ರ ಒಂದೂ ಸಿಗಲಿಲ್ಲ.

ಟೆನ್ ಆಫ್ ವಾಂಡ್ಸ್ ಬಂದ ದಿನ ಇನ್ನೂ ಚಲೋ ಆತು. ಹತ್ತು ಕೋಲು ಹೊತ್ಕೊಂಡು ಬಗ್ಗಿ ಹೊಂಟಾನ, ಮುಖಾನ ಕಾಣ್ಸಂಗಿಲ್ಲ. ನನ್ನ ಹತ್ತು ಕೋಲು ಯಾವು ಅಂತ ಬರದೆ, ಅದರಾಗ ನಾಕು ಪುಕ್ಕಟೆ ಫಾಲ್ ಹಚ್ಚೂದು. ಮರುದಿನ ನೆಗೆಣ್ಣಿ ಸೀರಿ ತಂದಾಗ "120 ರೂಪಾಯಿ ಆಗ್ತೈತಿ ನೋಡ್ರಿ ಅಕ್ಕಾ" ಅಂದೆ. ಮಾರಿ ಒಂಥರಾ ಮಾಡಿ, ಕೊಟ್ರು. ಮತ್ತೊಬ್ರು ಸೀರಿ ವಾಪಸ್ ಒಯ್ದ್ರು, ಒಯ್ಲಿ ಬಿಡ್ರಿ.

ಕಾರ್ಡ್ ಏನೂ ಮಾಡಲಿಲ್ಲ ಅಂತ ನಮ್ಮ ಮನಿಯವ್ರು ನಗ್ತಾರ, ಖರೇನ. ಜಡ್ಡು, ಸಾಲ, ಕೋರ್ಟು ಇಂಥಾದಕ್ಕ ನಾನೂ ಕಾರ್ಡ್ ತಗಿಯಂಗಿಲ್ಲ.

ಈಗ ಬಾಗಲಕ್ಕ ಪಾಟಿ ತೂಗಹಾಕೀನಿ, "ಬುಧವಾರ 3ರಿಂದ 5 ಮಶಿನ್ ಬಂದ್". ಒಮ್ಮೊಮ್ಮೆ ಕೆಲಗೇರಿ ಕೆರಿ ಕಡೆ ಹೋಗ್ತೀನಿ, ಒಮ್ಮೊಮ್ಮೆ ಸುಮ್ನ ಮಲ್ಕೋತೀನಿ. ಮೊನ್ನೆ ಬುಧವಾರ ನಾಕಕ್ಕ ಯಾರೋ ಬಾಗಲಾ ಬಡದ್ರು. ನಾ ಏಳೂದ್ರಾಗ ಅತ್ತಿಯವ್ರ ಒಳಗಿಂದ ಕೂಗಿದ್ರು, "ಪಾಟಿ ಓದಾಕ ಬರಂಗಿಲ್ಲೇನ್ರಿ, ನಾಳೆ ಬರ್ರಿ!"